ಮನೋವೈದ್ಯ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ

ನನ್ನ ಅಜ್ಜಿ ಹೇಳುತ್ತಿದ್ದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸುವುದಕ್ಕೆ ಓದುಗರ ಕ್ಷಮೆಯಿರಲಿ. ಮಂಡ್ಯದ ಸಮೀಪದ ನಮ್ಮ ಹೊಳಲು ಗ್ರಾಮದಲ್ಲಿ, ನಾಲೆಯ ನೀರು ಬಂದು ಗದ್ದೆಬಯಲು ಹಸುರಾದ ಕೆಲವು ವರ್ಷಗಳ ತರುವಾಯ, ಆಕೆಯ ಭಾವನವರಿಗೆ ಚಿತ್ತಭ್ರಮಣೆಯಾಯಿತಂತೆ. ಹಗಲು ಮಂಕಾಗಿ ಕುಳಿತಿರುವರು, ಇರುಳು ಎದ್ದು ನಾಲೆಯ ಏರಿಯ ಮೇಲೆ ಓಡುವರು. ಮನೆಯವರು ಎಷ್ಟು ದಿನ ಕಾದಾರು? ಕೊನೆಗೆ ದನದ ಕೊಟ್ಟಿಗೆಯ ಕಂಬಕ್ಕೆ ಎತ್ತಿನ ಸರಪಣಿಯಿಂದಲೇ ಅವರ ಕಾಲನ್ನು ಬಿಗಿದರು. ಅದರಲ್ಲಿ ಕ್ರೌರ್ಯವಿತ್ತೆಂದು ನಾನು ಹೇಳಲಾರೆ. ನೀರಿಗೆ ಬಿದ್ದು ಸಾಯದಿರಲಿ ಎಂಬ ಕಕ್ಕುಲತೆಯೂ ಅದರಲ್ಲಿತ್ತು. ದೇವರ ಹರಕೆ, ಮಂತ್ರವಾದಿಯ ಬೇವಿನಸೊಪ್ಪು ಎರಡೂ ಮುಗಿದ ಮೇಲೆ ಗಾಡಿ ಕಟ್ಟಿ ಮಂಡ್ಯಕ್ಕೆ ಒಯ್ದು, ರೈಲು ಹತ್ತಿಸಿ, ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿ ಬಿಟ್ಟುಬಂದರು. ಹಾಗೆ ಬಿಟ್ಟುಬಂದವರು ತಿರುಗಿ ಬರುವರೆಂದು ಯಾರೂ ನಂಬಿರಲಿಲ್ಲ. ಕೆಲವು ತಿಂಗಳ ಮೇಲೆ ಅವರು ತಿರುಗಿ ಬಂದರು. ಮತ್ತೆ ಆರು ಹೂಡಿದರು. ಅಲ್ಲಿಯ ಹೂವಿನ ತೋಟದ ಸಂಗತಿಯೊಂದನ್ನು ಬಿಟ್ಟು ಬೇರೇನನ್ನೂ ಅವರು ಎಂದೂ ಹೇಳಲಿಲ್ಲವಂತೆ.

ಆ ಆಸ್ಪತ್ರೆಯ ಅಧಿಕಾರವನ್ನು ಆ ಕಾಲದಲ್ಲಿ ವಹಿಸಿದ್ದವರು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು. ವೈದ್ಯರಲ್ಲಿ ಅವರ ಹೆಸರನ್ನು ಅರಿಯದವರಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಮಾತ್ರ ಅದು ಅಷ್ಟು ಪರಿಚಿತವಲ್ಲ. ಮನುಷ್ಯನ ಮನಸ್ಸಿನ ವಿಷಯ ಬರೆದವರನ್ನು ನಾವು ಬಲ್ಲೆವು. ಕೆಟ್ಟುಹೋದ ಮನಸ್ಸಿನ ಬಳಿ ಕುಳಿತು ಆಯುಷ್ಯ ಸವೆಸಿದವರನ್ನು ಅಷ್ಟಾಗಿ ಬಲ್ಲವರಲ್ಲ.

ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅವರಿಗೆ ಬಂದ ಮನೆ ಎಂತಹುದೆಂಬುದನ್ನು ಮೊದಲು ತಿಳಿಯಬೇಕು. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತಷ್ಟೆ. ಆ ಕಮಿಷನ್ನಿನ ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬಾತನ ಪ್ರಯತ್ನದಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೆಂಗಳೂರು ಪೇಟೆಯ ಅಂಚಿನಲ್ಲಿ, ಧರ್ಮಾಂಬುಧಿ ಕೆರೆಯ ಬಳಿ, ಬುದ್ಧಿವಿಕಲರಿಗಾಗಿ ಒಂದು ಅಸೈಲಂ ಏರ್ಪಟ್ಟಿತು. ಇಂದು ಆ ಕೆರೆ ಇಲ್ಲ. ಅದರ ಅಂಗಳದ ಮೇಲೆ ಬಸ್ಸುಗಳು ನಿಲ್ಲುತ್ತವೆ. ಅಸೈಲಂ ಎಂಬ ಮಾತಿಗೆ ಮೂಲದಲ್ಲಿ ಆಸರೆಯ ತಾಣವೆಂದೇ ಅರ್ಥ; ಹಿಡಿಯಲು ಬಂದವರು ಹೊಸಲು ದಾಟಲಾಗದ ಗ್ರೀಕರ ಗುಡಿಗಳಿಗೆ ಆ ಹೆಸರಿತ್ತು. ಶಬ್ದಗಳಿಗೂ ದುರ್ದೆಸೆ ಬರುತ್ತದೆ. ಆಸರೆ ಎನಿಸಿದ್ದ ಶಬ್ದವೇ ಕಾಲಕ್ರಮದಲ್ಲಿ ಗೋಡೆ, ಬೀಗ, ಕಾವಲುಗಾರ ಎಂಬ ಅರ್ಥಕ್ಕಿಳಿಯಿತು.

ಹತ್ತೊಂಬತ್ತನೆಯ ಶತಮಾನದ ಭಾರತದ ಅಸೈಲಂಗಳಿಗೆ ರೋಗಿಯನ್ನು ಕರೆತರುತ್ತಿದ್ದವನು ಬಹುಮಟ್ಟಿಗೆ ಪೋಲೀಸಿನವನು. ಬ್ರಿಟಿಷ್ ಇಂಡಿಯಾದಲ್ಲಿ 1858ರಲ್ಲಿ ಬಂದ ಕಾಯಿದೆಯ ಪ್ರಕಾರ ಒಳಗೆ ಸೇರಿಸಲು ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿತ್ತು. ಬೀದಿಯಲ್ಲಿ ಕೂಗಾಡಿದವನು, ಬಟ್ಟೆ ಹರಿದುಕೊಂಡವನು, ಊರು ಹೆಸರು ಹೇಳಲಾರದವನು, ಇಂಥವರ ಹೆಸರು ದಪ್ಪ ರಿಜಿಸ್ಟರಿನಲ್ಲಿ ದಾಖಲಾಗುತ್ತಿತ್ತು: ವಯಸ್ಸು, ಜಾತಿ, ಕಸುಬು, ರೋಗದ ಕಾರಣ. ಕಾರಣವೆಂಬ ಆ ಅಂಕಣದ ಕತೆ ವಿಚಿತ್ರವಾದುದು. ಕಾರಣ ತಿಳಿಯದಿದ್ದಲ್ಲಿ ಪೋಲೀಸಿನವನು ಗಾಂಜಾ ಎಂದು ಬರೆಯಿಸುತ್ತಿದ್ದನು. ವರ್ಷಾಂತ್ಯದ ವರದಿಯಲ್ಲಿ ಅದೇ ಲೆಕ್ಕವಾಗಿ, ಲೆಕ್ಕವೇ ವಿಜ್ಞಾನವಾಗಿ, ಈ ದೇಶದ ಹುಚ್ಚಿಗೆ ಗಾಂಜಾ ಮೂಲವೆಂಬ ಸಿದ್ಧಾಂತ ಹುಟ್ಟಿಕೊಂಡಿತು. 1893-94ರಲ್ಲಿ ಸರ್ಕಾರವೇ ನೇಮಿಸಿದ ವಿಚಾರಣಾ ಸಮಿತಿ ಅಸೈಲಂಗಳ ಈ ರಿಜಿಸ್ಟರುಗಳನ್ನು ತೆರೆಸಿ ನೋಡಿ, ಆ ಲೆಕ್ಕವನ್ನು ನಂಬುವಂತಿಲ್ಲವೆಂದು ಹೇಳಿತು. ಒಬ್ಬ ಮನುಷ್ಯನ ಸಮಸ್ತ ದುಃಖವೂ ಒಂದು ಅಂಕಣದ ಒಂದು ಪದಕ್ಕೆ ಇಳಿದುಹೋಗುತ್ತಿತ್ತೆಂಬುದು ನಾವಿಲ್ಲಿ ಗಮನಿಸಬೇಕಾದ ಮಾತು. ಗೋವಿಂದಸ್ವಾಮಿಯವರು ಮುಂದೆ ಬದಲಾಯಿಸಿದ್ದು ಮುಖ್ಯವಾಗಿ ಇದನ್ನೇ.

ಯೂರೋಪಿನ ಚರಿತ್ರೆ ಬೇರೆಯಾಗಿತ್ತೆಂದು ಭಾವಿಸಬಾರದು. ಪ್ಯಾರಿಸಿನ ಬಿಸೆತ್ರ್ ಎಂಬಲ್ಲಿ ರೋಗಿಗಳ ಸಂಕೋಲೆ ಬಿಚ್ಚಿಸಿದ ಕೀರ್ತಿ ಫಿಲಿಪ್ ಪಿನೆಲ್ ಎಂಬ ವೈದ್ಯನಿಗೆ ಸಂದಿದೆ. ಅದರ ವರ್ಣಚಿತ್ರಗಳೂ ಇವೆ. ನಿಜವಾಗಿ ಅಲ್ಲಿ ಸಂಕೋಲೆ ಬಿಚ್ಚಿದವನು ಪ್ಯುಸ್ಸಿನ್ ಎಂಬ ಮೇಲ್ವಿಚಾರಕ. ಹಿಂದೊಮ್ಮೆ ಅಲ್ಲಿಗೆ ರೋಗಿಯಾಗಿ ಬಂದು ಗುಣವಾದವನು. ಅವನನ್ನು ನೋಡಿ ತಾನು ಕಲಿತೆನೆಂದು ಪಿನೆಲ್ ಒಪ್ಪಿಕೊಂಡಿದ್ದಾನೆ. ಚಿತ್ರಕಾರರು ಮಾತ್ರ ಒಪ್ಪಿಕೊಳ್ಳಲಿಲ್ಲ.

ಇನ್ನು, ನಮ್ಮ ಪ್ರಾಚೀನರು ಈ ವಿಷಯದಲ್ಲಿ ಕೇವಲ ಕರುಣಾಳುಗಳಾಗಿದ್ದರೆಂಬ ಮಾತೂ ಅರ್ಧಸತ್ಯವೇ. ಚರಕಸಂಹಿತೆ ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ, ಘೃತ, ಔಷಧ, ಸಾಂತ್ವನಗಳನ್ನು ಹೇಳುತ್ತದೆ, ನಿಜ. ಅದೇ ಅಧ್ಯಾಯದಲ್ಲಿ ರೋಗಿಯನ್ನು ಬಟ್ಟೆಯಿಂದ ಬಿಗಿದು ಕತ್ತಲಕೋಣೆಯಲ್ಲಿರಿಸುವುದೂ, ಹಲ್ಲು ಕಿತ್ತ ಹಾವಿನಿಂದ ಹೆದರಿಸುವುದೂ ಚಿಕಿತ್ಸೆಯೆಂದು ಹೇಳಲ್ಪಟ್ಟಿದೆ. ಗೋವಿಂದಸ್ವಾಮಿಯವರಿಗೆ ಆಯುರ್ವೇದದಲ್ಲಿಯೂ ಭಾರತೀಯ ದರ್ಶನಗಳಲ್ಲಿಯೂ ಗಾಢವಾದ ಗೌರವವಿದ್ದುದರಿಂದ ಈ ಮಾತನ್ನು ಇಲ್ಲಿಯೇ ಹೇಳಿಬಿಟ್ಟೆ. ಆ ಗ್ರಂಥಗಳಲ್ಲಿ ಮನೋವೈದ್ಯಕ್ಕೆ ಉಪಯುಕ್ತವಾದುದೇನಿದೆಯೆಂದು ಸಂಶೋಧನೆ ನಡೆಯಬೇಕೆಂದು ಅವರು 1940ರ ದಶಕದಲ್ಲಿಯೇ ವಾದಿಸಿದರು. ಹಳೆಯದೆಲ್ಲ ಸರಿಯೆಂಬುದು ಅವರ ಅಭಿಪ್ರಾಯವಾಗಿರಲಿಲ್ಲ; ಪರೀಕ್ಷಿಸದೆ ಎಸೆಯಬಾರದೆಂಬುದಷ್ಟೇ ಅವರ ನಿಲುವು.

ಅವರು ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಬಾಲ್ಯ ವಿದ್ಯಾಭ್ಯಾಸಗಳ ವಿವರಕ್ಕೆ ನಾನು ಹೋಗುವುದಿಲ್ಲ. ದೇಹವೈದ್ಯದ ಜೊತೆಗೆ ಮನಶ್ಶಾಸ್ತ್ರ, ತತ್ತ್ವಶಾಸ್ತ್ರಗಳ ಗೀಳೂ ಅವರಿಗೆ ಹತ್ತಿದ್ದಿತು. ಅವರು ಸಂಸ್ಥಾನದ ವೈದ್ಯ ಇಲಾಖೆಗೆ ಬರುವ ವೇಳೆಗೆ ಅಸೈಲಂ ಎಂಬ ಹೆಸರು ಹೋಗಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿದ್ದಿತು. ಹೆಸರಿನ ಹಿಂದೆ ಡಾಕ್ಟರ್ ಫ್ರಾಂಕ್ ನರೋನ್ಹಾ ಇದ್ದರು. ಪೇಟೆಯ ಆ ಇಕ್ಕಟ್ಟಿನಿಂದ ರೋಗಿಗಳನ್ನು ಹೊರತರದೆ ಚಿಕಿತ್ಸೆ ಸಾಧ್ಯವಿಲ್ಲವೆಂಬುದನ್ನು ಅವರು ಪಟ್ಟಾಗಿ ಹಿಡಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರಿಗೆ ತೋಟ, ಚೊಕ್ಕಟ, ಚೆಲುವು ಎಂದರೆ ಎಷ್ಟು ಪ್ರಾಣವೆಂಬುದು ಎಲ್ಲರಿಗೂ ಗೊತ್ತು. ಹಾಗಾಗಿ 1930ರ ದಶಕದ ಉತ್ತರಾರ್ಧದಲ್ಲಿ ಹೊಸೂರು ರಸ್ತೆಯ ಬಳಿ, ಲಕ್ಕಸಂದ್ರದ ಏರುನೆಲದ ಮೇಲೆ, ಗಾಳಿ ಬೆಳಕುಗಳು ಧಾರಾಳವಾಗಿ ಆಡುವ ಹೊಸ ಆಸ್ಪತ್ರೆ ಎದ್ದಿತು. ನಮ್ಮ ಹಿರಿಯರು ಕಂಡ ಹೂವಿನ ತೋಟ ಅಲ್ಲಿಯದೇ.

ಇದೇ ಅವಧಿಯಲ್ಲಿ ಸಂಸ್ಥಾನವು ತರುಣ ಗೋವಿಂದಸ್ವಾಮಿಯವರನ್ನು ಪರದೇಶಕ್ಕೆ ಕಳುಹಿಸಿತು. ಲಂಡನ್ನಿನಲ್ಲಿ ಎಡ್ವರ್ಡ್ ಮ್ಯಾಪದರ್ ಎಂಬವರ ಆಡಳಿತದಲ್ಲಿದ್ದ ಮಾಡ್ಸ್ಲೀ ಆಸ್ಪತ್ರೆ ಆಗ ಮನೋವೈದ್ಯದ ಕಾಶಿಯೇ ಆಗಿದ್ದಿತು. ಹಿಟ್ಲರನ ಜರ್ಮನಿಯನ್ನು ತೊರೆದುಬಂದ ಯೆಹೂದಿ ಮನೋವೈದ್ಯರಿಗೆ ಅಲ್ಲಿ ಎಡೆ ದೊರೆತಿದ್ದಿತು. ಅವರಲ್ಲೊಬ್ಬರಾದ ಮಾಯರ್-ಗ್ರೋಸ್ ಅವರು ಮುಂದೆ ಬೆಂಗಳೂರಿಗೂ ಬಂದು ಇಲ್ಲಿಯ ಸಂಸ್ಥೆಗೆ ಸಲಹೆ ಕೊಟ್ಟುದುಂಟು. ಗೋವಿಂದಸ್ವಾಮಿಯವರು ಲಂಡನ್ನಿನಲ್ಲಿ ಮಾತ್ರ ನಿಲ್ಲದೆ ಅಮೆರಿಕೆಯ ಬಾಲ್ಟಿಮೋರ್ ನಗರಕ್ಕೂ ಹೋಗಿ ಅಡಾಲ್ಫ್ ಮೇಯರ್ ಎಂಬ ಹಿರಿಯರ ಬಳಿ ವ್ಯಾಸಂಗ ಮಾಡಿದರು.

ಮೇಯರ್ ಅವರ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಸ್ವಿಟ್ಜರ್ಲೆಂಡಿನಿಂದ ಬಂದ ಈ ವೈದ್ಯರು ರೋಗಕ್ಕೆ ಹೆಸರಿಡುವ ಅವಸರವನ್ನು ಒಪ್ಪುತ್ತಿರಲಿಲ್ಲ. ಅವರ ಶಿಷ್ಯರು ರೋಗಿಯ ಆಯುಷ್ಯವನ್ನು ವರ್ಷವರ್ಷವಾಗಿ ಒಂದು ಪಟದ ಮೇಲೆ ಬರೆಯಬೇಕು. ಹುಟ್ಟಿದ್ದು, ತಾಯಿ ತೀರಿದ್ದು, ಜ್ವರ ಬಂದದ್ದು, ಶಾಲೆ ಬಿಟ್ಟದ್ದು, ಮದುವೆ, ಸಾಲ, ಕೂಸಿನ ಮರಣ, ಕೆಲಸ ಹೋದದ್ದು, ಹೀಗೆ ದೇಹಕ್ಕೆ ಬಂದುದನ್ನೂ ಬಾಳಿಗೆ ಬಂದುದನ್ನೂ ಅಕ್ಕಪಕ್ಕದಲ್ಲಿ ಬರೆದು ನೋಡಿದಾಗ ಹುಚ್ಚು ಎಲ್ಲಿಂದ ನಡೆದುಬಂದಿತೆಂಬುದು ಕಾಣತೊಡಗುವುದು. ಅಸೈಲಂ ರಿಜಿಸ್ಟರಿನ ಒಂದು ಪದದ ಜಾಗದಲ್ಲಿ ಒಂದು ಜೀವನಚರಿತ್ರೆ! ಸಾಹಿತ್ಯದ ಅಧ್ಯಾಪಕನಾದ ನನಗೆ ಇದರಲ್ಲಿ ವಿಶೇಷ ಸಂತೋಷವಾದರೆ ಆಶ್ಚರ್ಯವಿಲ್ಲ. ಮಹಾಪುರುಷರಿಗೆ ಮಾತ್ರ ಚರಿತ್ರೆಯುಂಟೆಂದು ನಾವು ಪಾಠ ಹೇಳುತ್ತೇವೆ. ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡವನಿಗೂ ಒಂದು ಚರಿತ್ರೆಯುಂಟೆಂದೂ ಅದನ್ನು ಕೇಳಿ ಬರೆದುಕೊಳ್ಳುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲೆಂದೂ ಈ ವೈದ್ಯರು ಹೇಳಿದರು.

ಮರಳಿ ಬಂದ ಗೋವಿಂದಸ್ವಾಮಿಯವರು 1930ರ ದಶಕದ ಕೊನೆಯ ಭಾಗದಲ್ಲಿ ನರೋನ್ಹಾ ಅವರ ತರುವಾಯ ಆಸ್ಪತ್ರೆಯ ಸೂಪರಿಂಟೆಂಡೆಂಟರಾದರು. 1937-38ರಲ್ಲಿ ಮ್ಯಾಪದರ್ ಅವರು ಸಿಂಹಳಕ್ಕೂ ಭಾರತಕ್ಕೂ ಬಂದು ಇಲ್ಲಿಯ ಮಾನಸಿಕ ಆಸ್ಪತ್ರೆಗಳನ್ನು ನೋಡಿದರು. ಕಂಡುದರ ಬಹುಭಾಗ ಅವರಿಗೆ ಅಸಹ್ಯವೆನಿಸಿತು. ಮೈಸೂರು ಸಂಸ್ಥಾನದ ಆಸ್ಪತ್ರೆಯೊಂದನ್ನು ಅವರು ಬೇರೆಯಾಗಿ ಎತ್ತಿ ಹೊಗಳಿದರು. ಬ್ರಿಟಿಷರ ನೇರ ಆಡಳಿತದ ಪ್ರಾಂತಗಳಲ್ಲಿ ಇಲ್ಲದ್ದು ದೇಶೀಯ ಸಂಸ್ಥಾನವೊಂದರಲ್ಲಿ ಇದ್ದುದು ನಾವು ಹೆಮ್ಮೆಪಡಬಹುದಾದ ಸಂಗತಿ.

ಆದರೆ ಜೀವನಚರಿತ್ರೆಯೆಂದರೆ ಸ್ತೋತ್ರವಲ್ಲ. ಇಲ್ಲಿ ಓದುಗರು ಕೊಂಚ ತಡೆದು ಮುಂದಿನ ಸಂಗತಿಯನ್ನು ಕೇಳಬೇಕು.

ಆ ಕಾಲದ ಮನೋವೈದ್ಯರ ಕೈಯಲ್ಲಿ ಔಷಧವೆಂಬುದು ಇರಲಿಲ್ಲ. ನಿದ್ದೆ ಬರಿಸುವ ಕೆಲವು ದ್ರವಗಳು, ಗುಳಿಗೆಗಳು ಇದ್ದವು, ಅಷ್ಟೆ. ಈ ಬರಗಾಲದಲ್ಲಿ ಯೂರೋಪಿನಿಂದ ಒಂದರ ಮೇಲೊಂದು ಹೊಸ ಚಿಕಿತ್ಸೆಗಳು ಬಂದವು. 1933ರಲ್ಲಿ ವಿಯೆನ್ನಾದ ಸಾಕೆಲ್ ಎಂಬಾತ ಇನ್ಸುಲಿನ್ ಚಿಕಿತ್ಸೆಯನ್ನು ಪ್ರಕಟಿಸಿದನು. ದಿನದಿನವೂ ಇನ್ಸುಲಿನ್ನಿನ ಪ್ರಮಾಣವನ್ನು ಏರಿಸುತ್ತ ರಕ್ತದ ಸಕ್ಕರೆಯನ್ನು ಇಳಿಸಿ, ರೋಗಿ ಬೆವರಿ, ಎಚ್ಚರ ತಪ್ಪಿ, ಆಳವಾದ ಮೂರ್ಛೆಗೆ ಹೋಗುವಂತೆ ಮಾಡಿ, ಆಮೇಲೆ ಮೂಗಿನ ನಳಿಗೆಯಿಂದ ಸಕ್ಕರೆನೀರು ಹೊಯ್ದು ಮೇಲೆತ್ತುವುದು. ಹೀಗೆ ಹತ್ತಾರು ಸಲ. ಕೆಲವರು ಮೇಲೇಳುತ್ತಲೇ ಇರಲಿಲ್ಲ. ಮರುವರ್ಷ ಬುಡಾಪೆಸ್ಟಿನ ಮೆದುನಾ ಎಂಬಾತ ಔಷಧಿ ಚುಚ್ಚಿ ಅಪಸ್ಮಾರದಂತಹ ಸೆಳವು ಬರಿಸುವ ಕ್ರಮವನ್ನು ತೊಡಗಿಸಿದನು. ಕಾರ್ಡಿಯಾಜೋಲ್ ಎಂಬ ಆ ಔಷಧಿ ರಕ್ತಕ್ಕೆ ಸೇರಿ ಸೆಳವು ಬರುವವರೆಗಿನ ಕೆಲವು ಕ್ಷಣಗಳ ಭಯವನ್ನು ಒಮ್ಮೆ ಅನುಭವಿಸಿದವರು ಮತ್ತೆ ಆ ಸೂಜಿಯನ್ನು ಕಂಡರೆ ಓಡುತ್ತಿದ್ದರು. 1938ರಲ್ಲಿ ರೋಮಿನಲ್ಲಿ ವಿದ್ಯುತ್ತಿನಿಂದ ಅದೇ ಸೆಳವನ್ನು ಬರಿಸಿದ್ದಾಯಿತು. ಇವೆಲ್ಲಕ್ಕಿಂತ ದಿಟ್ಟವಾದುದು, ಭಯಂಕರವಾದುದೂ, 1935ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಜ್ ಮಾಡಿಸಿದ ಶಸ್ತ್ರಕ್ರಿಯೆ. ತಲೆಬುರುಡೆಯ ಎರಡು ಕಡೆಯೂ ರಂಧ್ರ ಕೊರೆದು ಮಿದುಳಿನ ಮುಂಭಾಗವನ್ನು ಉಳಿದ ಭಾಗಕ್ಕೆ ಜೋಡಿಸುವ ತಂತುಗಳನ್ನು ಕಡಿದುಬಿಡುವುದು. ಲ್ಯೂಕಾಟಮಿಯೆಂದು ಅದರ ಹೆಸರು.

ಗೋವಿಂದಸ್ವಾಮಿಯವರು ಲೋಕದ ಹೊಸ ವಿದ್ಯೆಯೊಂದನ್ನೂ ಬೆಂಗಳೂರಿಗೆ ತರದೆ ಬಿಟ್ಟವರಲ್ಲ. ಶಸ್ತ್ರವೈದ್ಯ ಡಾಕ್ಟರ್ ಬಾಲಕೃಷ್ಣರಾಯರೊಡನೆ ಅವರು ಇಲ್ಲಿಯ ರೋಗಿಗಳಿಗೂ ಆ ಶಸ್ತ್ರಕ್ರಿಯೆಯನ್ನು ಮಾಡಿಸಿ, 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನು ಕುರಿತು ಲೇಖನ ಪ್ರಕಟಿಸಿದರು. ಮಹಾಯುದ್ಧ ನಡೆಯುತ್ತಿದ್ದ ಆ ವರ್ಷದಲ್ಲಿ ಬೆಂಗಳೂರಿನ ಆಸ್ಪತ್ರೆಯ ಕೆಲಸ ಜಗತ್ತಿನ ವೈದ್ಯರ ಕಣ್ಣಿಗೆ ಬಿದ್ದುದು ಕೀರ್ತಿಯ ಸಂಗತಿಯೆಂದೇ ಎಲ್ಲರೂ ಭಾವಿಸಿದರು. 1949ರಲ್ಲಿ ಮೋನಿಜ್‌ಗೆ ನೊಬೆಲ್ ಪಾರಿತೋಷಿಕವೂ ಬಂದಿತು. ಇಂದು ಅದನ್ನು ಓದುವಾಗ ಮನಸ್ಸು ಮುದುಡುತ್ತದೆ. ಆ ಶಸ್ತ್ರಕ್ರಿಯೆಯಿಂದ ಕೂಗಾಟ ನಿಂತವರುಂಟು, ಮನೆಗೆ ಹೋದವರೂ ಉಂಟು. ಕೂಗಾಟದ ಜೊತೆಗೆ ನಗುವೂ ಹಟವೂ ಆಸೆಯೂ ನಿಂತುಹೋದವರೂ ಲೋಕದಲ್ಲೆಲ್ಲ ಉಂಟು. ಕಡಿದ ತಂತು ಮತ್ತೆ ಕೂಡುವುದಿಲ್ಲ. ಒಪ್ಪಿಗೆ ಕೊಡಬೇಕಾದವನ ಬುದ್ಧಿಯೇ ಕೆಟ್ಟಿದೆಯೆಂದು ತೀರ್ಮಾನವಾದ ಮೇಲೆ ಒಪ್ಪಿಗೆಯನ್ನು ಯಾರಿಂದ ಕೇಳುವುದು?

ಗೋವಿಂದಸ್ವಾಮಿಯವರ ಅಭಿಮಾನಿಗಳು ಈ ಭಾಗವನ್ನು ಮೆಲ್ಲನೆ ದಾಟಿಬಿಡುತ್ತಾರೆ. ಅದು ಅವರಿಗೆ ಸಲ್ಲಿಸುವ ಗೌರವವೆಂದು ನನಗೆ ತೋರುವುದಿಲ್ಲ. ಒಬ್ಬೊಬ್ಬ ರೋಗಿಯ ಬಾಳನ್ನೂ ವರ್ಷವರ್ಷವಾಗಿ ಬರೆದುಕೊಳ್ಳಬೇಕೆಂದು ಕಲಿತುಬಂದ ವೈದ್ಯರೇ, ಆ ಬಾಳಿನ ಎಳೆಯನ್ನು ಕತ್ತರಿಸಬಹುದಾದ ಶಸ್ತ್ರಕ್ಕೂ ಸಮ್ಮತಿಸಿದರು. ವರ್ಷಗಟ್ಟಲೆ ಅನ್ನ ಬಿಟ್ಟು, ಗೋಡೆಗೆ ತಲೆ ಚಚ್ಚಿಕೊಳ್ಳುವ ರೋಗಿ ಎದುರಿಗಿದ್ದು, ಬೇರೆ ಮದ್ದು ಲೋಕದಲ್ಲೆಲ್ಲಿಯೂ ಇಲ್ಲದಾಗ, ಕೈಕಟ್ಟಿ ಕೂರುವುದು ಕರುಣೆಯೆ, ಕೈಹಾಕುವುದು ಕರುಣೆಯೆ? ಇಂದಿನ ತಿಳಿವಳಿಕೆಯಿಂದ ಅವರನ್ನು ತಪ್ಪಿತಸ್ಥರೆನ್ನುವುದು ಸುಲಭ. ಆದರೂ ಅದು ತಪ್ಪೇ ಅಲ್ಲವೆಂದು ನಾನು ಬರೆಯಲಾರೆ.

ಇನ್ಸುಲಿನ್ ಚಿಕಿತ್ಸೆಯ ಕತೆ ಮತ್ತೂ ಬೋಧಪ್ರದವಾದುದು. 1950ರ ದಶಕದಲ್ಲಿ ಲಂಡನ್ನಿನಲ್ಲಿಯೇ ಅದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ ನೋಡಿದಾಗ, ಗುಣ ಕಂಡುದಕ್ಕೆ ಇನ್ಸುಲಿನ್ ಕಾರಣವಲ್ಲವೆಂದು ತಿಳಿಯಿತು. ಆ ಚಿಕಿತ್ಸೆಗಾಗಿ ರೋಗಿಯ ಮಗ್ಗುಲಲ್ಲೇ ಗಂಟೆಗಟ್ಟಲೆ ಕೂರುತ್ತಿದ್ದ ದಾದಿಯರ ಆರೈಕೆಗೆ ಅದರಲ್ಲಿ ದೊಡ್ಡ ಪಾಲು ಇದ್ದಿರಬೇಕೆಂದು ಹಲವರು ಆಮೇಲೆ ಊಹಿಸಿದರು. ಅಷ್ಟರಲ್ಲಿ ನಿಜವಾದ ಮದ್ದು ಬಂದಿದ್ದಿತು. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೋಮಜೀನ್ ಬಳಕೆಗೆ ಬಂದಿತು. ನಮ್ಮ ಸರ್ಪಗಂಧದ ಬೇರಿನ ಗುಣವನ್ನು 1931ರಲ್ಲಿಯೇ ಕಲ್ಕತ್ತೆಯ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು ಬರೆದು ಪ್ರಕಟಿಸಿದ್ದರು; ಅದರ ಸಾರವಾದ ರಿಸರ್ಪಿನ್ 1954ರ ಸುಮಾರಿಗೆ ಅಮೆರಿಕೆಯ ಮಾನಸಿಕ ಆಸ್ಪತ್ರೆಗಳಲ್ಲಿ ಹೆಸರಾಯಿತು. ದೇಶೀಯ ವೈದ್ಯವನ್ನು ಪರೀಕ್ಷಿಸದೆ ಎಸೆಯಬಾರದೆಂಬ ಗೋವಿಂದಸ್ವಾಮಿಯವರ ವಾದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿರಲಿಲ್ಲ.

ಸ್ವಾತಂತ್ರ್ಯ ಬರುವ ಹೊತ್ತಿಗೆ ದೇಶದ ಸ್ಥಿತಿ ಹೇಗಿತ್ತೆಂಬುದಕ್ಕೆ ಭೋರ್ ಸಮಿತಿಯ 1946ರ ವರದಿಯಿದೆ. ಇಡೀ ಇಂಡಿಯಾದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ ಹಾಸಿಗೆಗಳು 10,000ಕ್ಕೆ ಸ್ವಲ್ಪ ಹೆಚ್ಚು. ಎಂದರೆ 40,000 ಜನಕ್ಕೆ ಒಂದು; ಇಂಗ್ಲೆಂಡಿನಲ್ಲಿ 300 ಜನಕ್ಕೆ ಒಂದು. ಸಮಿತಿಗಾಗಿ ಆಸ್ಪತ್ರೆಗಳನ್ನು ಸುತ್ತಿ ನೋಡಿದ ಕರ್ನಲ್ ಮೂರ್ ಟೇಲರ್ ಅವರು, ಇವುಗಳಲ್ಲಿ ಬಹುಪಾಲು ಕೂಡಿಹಾಕುವುದಕ್ಕಾಗಿ ಕಟ್ಟಿದವೇ ಹೊರತು ಗುಣಪಡಿಸುವುದಕ್ಕಾಗಿ ಕಟ್ಟಿದವಲ್ಲವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕಟ್ಟಡ ಕಟ್ಟಿದರೂ ಅದರೊಳಗೆ ನಿಲ್ಲುವ ವೈದ್ಯರೆಲ್ಲಿ, ದಾದಿಯರೆಲ್ಲಿ? ವಿದ್ಯೆ ಬೇಕೆಂದವರು ಇಂಗ್ಲೆಂಡಿಗೆ ಹೋಗಬೇಕಾಗಿತ್ತು. ಈ ಕೊರತೆ ನೀಗಲು ದೇಶದಲ್ಲಿಯೇ ಒಂದು ಶಿಕ್ಷಣ ಸಂಸ್ಥೆ ಬೇಕೆಂದು ಸಮಿತಿ ಹೇಳಿತು. ಅದನ್ನು ಎಲ್ಲಿ ಸ್ಥಾಪಿಸಬೇಕೆಂಬ ಪ್ರಶ್ನೆ ಬಂದಾಗ ಬೆಂಗಳೂರಿನ ಪರವಾಗಿ ಗೋವಿಂದಸ್ವಾಮಿಯವರ ಆಸ್ಪತ್ರೆಯೇ ಮಾತನಾಡಿತೆನ್ನಬಹುದು.

1954ರ ಡಿಸೆಂಬರ್ 27ರಂದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಅವರೇ. ಮರುವರ್ಷದಿಂದ ಮನೋವೈದ್ಯದ ಡಿಪ್ಲೊಮಾದೊಡನೆ ಮನಶ್ಶಾಸ್ತ್ರಜ್ಞರಿಗೂ ಪ್ರತ್ಯೇಕವಾದ ಡಿಪ್ಲೊಮಾ ಏರ್ಪಟ್ಟಿತು. ದಾದಿಯರ ವಿಶೇಷ ಶಿಕ್ಷಣವೂ ಅದರೊಡನೆ ಬಂದಿತು. ವೈದ್ಯನೊಬ್ಬನೇ ರೋಗಿಯನ್ನು ಗುಣಪಡಿಸಲಾರನೆಂಬುದು ಈ ವ್ಯವಸ್ಥೆಯ ತಿರುಳು. ಮನಸ್ಸನ್ನು ಅಳೆಯಬಲ್ಲವರು ಒಬ್ಬರು, ಹಗಲಿರುಳು ಬಳಿಯಿರುವವರು ಒಬ್ಬರು, ಮನೆಯವರೊಡನೆ ಮಾತನಾಡುವವರು ಒಬ್ಬರು ಬೇಕು. ಆ ದಶಕದಲ್ಲಿಯೇ ಅಮೃತಸರದಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಅಂಗಳದ ಡೇರೆಗಳಲ್ಲಿ ಇರಿಸಿಕೊಂಡು ಚಿಕಿತ್ಸೆ ಮಾಡತೊಡಗಿದ್ದರು. ರೋಗಿಯನ್ನು ಬಿಟ್ಟುಹೋಗುವ ಜಾಗ ಆಸ್ಪತ್ರೆಯಲ್ಲವೆಂಬ ತಿಳಿವಳಿಕೆ ದೇಶದ ಎರಡು ಮೂಲೆಗಳಲ್ಲಿ ಏಕಕಾಲಕ್ಕೆ ಮೂಡುತ್ತಿದ್ದಿತು.

ಬೆಂಗಳೂರಿನ ಸಂಸ್ಥೆಗೆ ಒಂದು ತೊಡಕಿದ್ದಿತು. ಸಂಸ್ಥೆ ಕೇಂದ್ರ ಸರ್ಕಾರದ್ದು, ಆಸ್ಪತ್ರೆ ಮೈಸೂರು ಸರ್ಕಾರದ್ದು. ಒಂದೇ ಅಂಗಳದಲ್ಲಿ ಇಬ್ಬರು ಯಜಮಾನರು. ಇವೆರಡೂ ಒಂದಾದದ್ದು ಗೋವಿಂದಸ್ವಾಮಿಯವರು ತೀರಿಕೊಂಡು ಹತ್ತು ವರ್ಷಕ್ಕೂ ಮೇಲೆ, 1974ರ ಡಿಸೆಂಬರ್ 27ರಂದು. ಅಂದಿನಿಂದ ಅದಕ್ಕೆ ನಿಮ್ಹಾನ್ಸ್ ಎಂದು ಹೆಸರು. 1960ರ ದಶಕದ ಆರಂಭದಲ್ಲಿಯೇ ಅವರು ಕಾಲವಾಗಿದ್ದರು. ಸಂಸ್ಥೆಯ ಆವರಣದಲ್ಲಿ ಅವರ ಹೆಸರಿನ ಒಂದು ಕಟ್ಟಡವಿದೆ.

ಸರಪಣಿ ಮಾತ್ರ ಅಷ್ಟು ಬೇಗ ಹೋಗಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಕಂಬಗಳಿಗೂ ಮಂಚಗಳಿಗೂ ಸರಪಣಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಮನೋರೋಗಿಯನ್ನು ಯಾವ ರೀತಿಯಿಂದಲೂ ಸರಪಣಿಯಲ್ಲಿ ಬಿಗಿಯಕೂಡದೆಂಬ ಮಾತು ನಮ್ಮ ಶಾಸನದ ಪುಸ್ತಕಕ್ಕೆ ಸೇರಿದ್ದು 2017ರಲ್ಲಿ. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡಕೂಡದೆಂದೂ ಆ ಶಾಸನ ವಿಧಿಸಿತು.

ನಮ್ಮ ಮನೆಯ ಹಿರಿಯರು ಬೆಂಗಳೂರಿನಿಂದ ಮರಳಿದ ಮೇಲೆ ಬಹಳ ವರ್ಷ ಬದುಕಿದ್ದರು. ಅವರಿಗೆ ಅಲ್ಲಿ ಯಾವ ಚಿಕಿತ್ಸೆ ನಡೆಯಿತೆಂಬುದನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಂದವರು ಮೊದಲು ಮಾಡಿದ ಕೆಲಸವೆಂದರೆ ಕೊಟ್ಟಿಗೆಯ ಪಕ್ಕದ ಹಿತ್ತಿಲಲ್ಲಿ ನೆಲ ಅಗೆದು ಸೇವಂತಿಗೆ ನೆಟ್ಟದ್ದಂತೆ. ಗಂಡಸು ಹೂವಿನ ಗಿಡ ನೆಡುವುದನ್ನು ಕಂಡು ಊರಿನವರು, ಇನ್ನೂ ಪೂರ್ತಿ ವಾಸಿಯಾಗಿಲ್ಲವೆಂದು ಮಾತನಾಡಿಕೊಂಡರೆಂದು ಅಜ್ಜಿ ನಗುತ್ತಿದ್ದಳು.